ಕೇರಾಫ್ ಮೆಣಸಿನ ಗೋದಾಮು

ಬಂದರಿನ ಈ ಗೋದಾಮಿನಲ್ಲಿ ಮೆಣಸು ಇಡುವುದು ನಿಂತು
ಇಪ್ಪತ್ತು ವರ್ಷವಾಯಿತು. ಆದರೂ ಹೊಸಬರು
ಕಾಲಿಟ್ಟರೆ ಮೊದಲು ಸೀನುತ್ತಾರೆ,
ಆಮೇಲೆ ಹೆಸರು ಹೇಳುತ್ತಾರೆ.
ಕೆಲವರು ಸೀನಿ ಹೋಗಿಬಿಡುತ್ತಾರೆ.
ಹೆಸರು ಇನ್ನೊಂದು ದಿನ.

ನನ್ನದು ಬಾಗಿಲ ಬಳಿಯ ಮೇಜು,
ಒಂದು ಕಾಲಿನಡಿ ಹಳೆಯ ಕ್ಯಾಲೆಂಡರಿನ ಮಡಿಕೆ.
ಮೂರು ಪುಸ್ತಕ: ಸ್ನಾನದ್ದು, ಊಟದ್ದು, ಕಾಗದದ್ದು.

ಹಿತ್ತಲಲ್ಲಿ ನಾಲ್ಕು ನಲ್ಲಿ. ತಲೆಗೊಂದು ಸೋಪಿನ ತುಂಡು,
ದಾರದಲ್ಲಿ ಕೊಯ್ದದ್ದು.
ಕತ್ತಿಯಲ್ಲಿ ಕೊಯ್ದರೆ ಪುಡಿಯಾಗಿ ನಷ್ಟವೆಂದು
ಫ್ಲೋಸಿ ಬಾಯಿಯ ಲೆಕ್ಕ.
ಹನ್ನೆರಡೂವರೆಗೆ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ.
ದಕ್ಕೆಯಿಂದ ಯಾರಾದರೂ ಒಂದು ಬುಟ್ಟಿ ಬೂತಾಯಿ ತಂದಿಟ್ಟರೆ
ಆ ದಿನದ ಪುಟದಲ್ಲಿ ಅಕ್ಷರ ಜಾರುತ್ತದೆ,
ನನ್ನ ಬೆರಳೂ ಎಣ್ಣೆ.
ಮಂಗಳವಾರ ಬೋಳಾರದ ಕಾಂತಪ್ಪ ಭಂಡಾರಿ.
ಅವರ ಅಂಗಡಿಗೆ ರಜೆ, ಕತ್ತರಿಗೆ ಇಲ್ಲ.
ಕನ್ನಡಿ ಹಿಡಿಯುವುದು ಕೊನೆಗೆ ಮಾತ್ರ:
"ಮೊದಲೇ ತೋರಿಸಿದರೆ ಎದ್ದು ಹೋಗ್ತಾರೆ ಮಾರಾಯ್ರೆ."

ಇದೆಲ್ಲ ಹೊರಗೆ ಬೋರ್ಡಿನಲ್ಲಿ ಉಂಟು.
ಬೋರ್ಡಿನಲ್ಲಿ ಬರೆಯದ್ದು ಒಂದು:
ಇಲ್ಲಿ ವಿಳಾಸ ಸಾಲ ಕೊಡುತ್ತೇವೆ.

ಯಾವ ಕೌಂಟರಿಗೆ ಹೋದರೂ ಮೊದಲು ಕೇಳುವುದು ಅದನ್ನೇ ಅಲ್ಲವಾ,
ರೇಷನ್ನಿಗೆ, ಪಿಂಚಣಿಗೆ, ಬ್ಯಾಂಕಿನ ಪುಸ್ತಕಕ್ಕೆ.
ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡ್, ಮೂರನೆಯ ಕಂಬ
ಎಂದು ಬರೆಯಲು ಫಾರಮಿನಲ್ಲಿ ಜಾಗ ಇರುತ್ತದೆ,
ಒಪ್ಪಿಗೆ ಇರುವುದಿಲ್ಲ.
ಹಾಗಾಗಿ ಕೇರಾಫ್ ಮೆಣಸಿನ ಗೋದಾಮು,
ಬಂದರು, ಮಂಗಳೂರು. ಸದ್ಯಕ್ಕೆ ನಲವತ್ತಮೂರು ಜನ.
ತಪಾಸಣೆಗೆ ಬಂದವರೊಬ್ಬರು ಪಟ್ಟಿ ನೋಡಿ ಕೇಳಿದರು,
"ಇಷ್ಟೂ ಜನ ಒಂದೇ ಮನೆಯಾ? ಯಜಮಾನ ಯಾರು?"
ಫ್ಲೋಸಿ ಬಾಯಿ ಸೌಟು ಎತ್ತಿ ತೋರಿಸಿದಳು.

ರಾತ್ರಿ ಇಲ್ಲಿ ಯಾರೂ ಮಲಗುವುದಿಲ್ಲ. ಅದಕ್ಕೆ ಪರವಾನಗಿ ಇಲ್ಲ.
ಐದಕ್ಕೆ ಬೀಗ ಹಾಕುವಾಗ ವಿಳಾಸ ಒಳಗೆ,
ವಿಳಾಸದವರು ಹೊರಗೆ.
ಬೀಗದ ಕೈ ನನ್ನ ಜೇಬಿನಲ್ಲಿ.
ಬಸ್ಸಿನಲ್ಲಿ ಕೂತರೆ ತೊಡೆಗೆ ಚುಚ್ಚುತ್ತದೆ.
ಬೇರೆ ಜೇಬಿಗೆ ಹಾಕಿಯೂ ನೋಡಿದ್ದೇನೆ.

ಸೋಮವಾರ ಹುಲಿಗೆವ್ವನಿಗೊಂದು ರಿಜಿಸ್ಟರ್ಡ್ ಬಂತು.
ಕುಷ್ಟಗಿ ಕಡೆಯವಳು. ಹದಿನಾಲ್ಕು ವರ್ಷ
ಈ ಊರಿನ ಮನೆಗಳಿಗೆ ಕೆಂಪುಕಲ್ಲು ಹೊತ್ತವಳು;
ಮೇಸ್ತ್ರಿ ಗಾರೆ ತುಂಬುವವರೆಗೆ
ದಾರಂದ ಅಲುಗದಂತೆ ಹಿಡಿದು ನಿಂತವಳು.
ಕಾಗದ ಬಿಡಿಸಿ ಓದಿ ಹೇಳಿದೆ:
ವಿಧವಾ ವೇತನ, ಇನ್ನೊಂದು ದಾಖಲೆ ಬೇಕಂತೆ,
ಹದಿನೈದರ ಒಳಗೆ.
ತಲೆಯಾಡಿಸಿದಳು. ಅಭ್ಯಾಸ.
"ಲಕೋಟಿ ಮ್ಯಾಲ ಕೆಂಪ್ ಪೆನ್ನೀಲೆ ಏನೋ ಗೀಚ್ಯಾರಲ್ರೀ,
ಅದೇನು?"

ಅದು ಅಂಚೆಯವನ ಷರಾ.
ಶನಿವಾರ ಮಳೆಗೆ ತಡವಾಗಿ ಬಂದಿದ್ದ,
ನಾವು ಹೊರಟಾಗಿತ್ತು.
"ಬಾಗಿಲು ಹಾಕಿದೆ" ಅಂತ ಬರೆದಿದ್ದಾನೆ ಎಂದೆ.

"ಯಾರ ಬಾಗ್ಲಾ?"

ನಿಮ್ಮದು. ಹೆಸರು ನಿಮ್ಮದಲ್ಲವಾ.

ಸ್ವಲ್ಪ ಹೊತ್ತು ಅವಳು ನನ್ನನ್ನೇ ನೋಡಿದಳು,
ತೂಕದಲ್ಲಿ ಮೋಸ ಉಂಟಾ ಎಂದು ನೋಡುವ ಹಾಗೆ.
ಆಮೇಲೆ ನಕ್ಕಳು. ನಗುವಿನ ನಡುವೆ ಸೀನು,
ಸೀನಿನ ನಡುವೆ ನಗು.
"ನನ್ನ ಬಾಗ್ಲ ಹಾಕಿತ್ತಂತವಾ!" ಎಂದು
ಗಂಜಿಯ ಸಾಲಿಗೆಲ್ಲ ಕೂಗಿ ಹೇಳಿದಳು.
ಸಾಲಿನಿಂದ ಯಾರೋ, "ಎಲ್ಲಿಗೆ ಹೋಗಿದ್ದಿ ಮತ್ತೆ?"
"ಎಲ್ಲ್ಯಾರ ಹೋಗಿರ್ತೀನಿ. ಇನ್ನೊಮ್ಮಿ ಓದ್ರಿ ಅಣ್ಣಾರ."

ಓದಿದೆ.

ಒಳಗಿನ ಕಾಗದ ನನ್ನ ಮೇಜಿನ ಮೇಲೇ ಬಿಟ್ಟಳು.
ಬರಿಯ ಲಕೋಟೆ ಮಡಚಿ ರವಿಕೆಯೊಳಗಿಟ್ಟು
ತಟ್ಟೆ ತೊಳೆಯಲು ಹೋದಳು.
ದಾಖಲೆಯ ಕೆಲಸ ನನ್ನದು, ಹದಿನೈದರ ಒಳಗೆ.
ಪುಸ್ತಕದಲ್ಲಿ ಬರೆದೆ:
ಹುಲಿಗೆವ್ವ, ರಿಜಿಸ್ಟರ್ಡ್, ಒಂದು. ತಲುಪಿದೆ.
ಹೆಬ್ಬೆಟ್ಟು ಒತ್ತಿಸಲು ಮರೆತೆ.